ಹೆಸರು ಕೂಗಲು ಹೋದವಳು

ಮೊನ್ನೆ ಶಿಕಾರಿಪುರದಲ್ಲಿ ಆಸ್ಪತ್ರೆಯ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದೆ. ಕಿಂಡಿಯ ಆಚೆ ಕುಳಿತಿದ್ದ ಹುಡುಗಿ ನನ್ನ ಹೆಸರು ಕೇಳಿದಳು, ಹೇಳಿದೆ. ವಯಸ್ಸು ಕೇಳಿದಳು, ಸ್ವಲ್ಪ ಕಡಿಮೆ ಮಾಡಿ ಹೇಳಿದೆ. ಆಮೇಲೆ ‘ಯಜಮಾನ್ರ ಹೆಸರು?’ ಎಂದಳು. ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಹಿಂದಿನವರು ಗೊಣಗತೊಡಗಿದರು. ಚೀಲ ತಡಕಾಡಿ ರೇಷನ್ ಕಾರ್ಡು ತೆಗೆದು ಕಿಂಡಿಯೊಳಗೆ ತೂರಿಸಿ, ಬೆರಳಿಟ್ಟು ತೋರಿಸಿದೆ. ‘ಬಾಯಲ್ಲಿ ಹೇಳಕ್ಕೆ ಏನಜ್ಜಿ ಕಷ್ಟ?’ ಎಂದು ಹುಡುಗಿ ನಕ್ಕಳು. ಕಷ್ಟ ಏನೆಂದು ನಾನು ಅವಳಿಗೆ ಹೇಗೆ ಹೇಳಲಿ? ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಇನ್ನು ಕಡಿಮೆಯಾಗಲು ಆಯುಸ್ಸು ಉಳಿದಿಲ್ಲ. ಆದರೂ ನಾಲಿಗೆ ಹೊರಳುವುದಿಲ್ಲ. ಇಲ್ಲಿಯೂ ನಾನು ಅದನ್ನು ಬರೆಯುವುದಿಲ್ಲ, ಕಾಯಬೇಡಿ.

ಇಂಥ ನಾನು ಒಂದು ಕಾಲದಲ್ಲಿ ಬೇರೊಬ್ಬಳ ಗಂಡನ ಹೆಸರನ್ನು ಸಮುದ್ರದ ದಂಡೆಯ ಊರೂರಿನಲ್ಲಿ ಗಂಟಲು ಹರಿಯುವಂತೆ ಕೂಗಿದವಳು ಎಂದರೆ ನೀವು ನಂಬಲಿಕ್ಕಿಲ್ಲ. ಅದಕ್ಕಾಗಿಯೇ ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ಘಟ್ಟ ಇಳಿಸಿದ್ದರು. ನನಗೆ ಬೇರೆ ಕೆಲಸವೇ ಇರಲಿಲ್ಲ.

ನಾನು ಸೊರಬದ ಕಡೆಯ ಹುಡುಗಿ. ಬಂದಳಿಕೆ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ದೂರವೇನೂ ಹೆಚ್ಚಿಲ್ಲ, ಆದರೆ ಮಾತು ಬೇರೆ. ನಾನು ‘ಎಂತಕ್ಕೆ’ ಎಂದರೆ ಇಲ್ಲಿಯವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಅವರು ‘ಹೋಗೈತಿ, ಬಂದೈತಿ’ ಎಂದರೆ ನಾನು ಸೆರಗಿನೊಳಗೆ ನಗುತ್ತಿದ್ದೆ. ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆನಾದ್ದರಿಂದ ಕುರಿ ಸಾಕುವ ಆ ಮನೆಯಲ್ಲಿ ನಾನು ‘ಓದಿದ ಸೊಸೆ’. ಓದು ಏನು ತಲೆಗೆ ಹತ್ತಿತ್ತೋ ಗೊತ್ತಿಲ್ಲ, ಬಾಯಂತೂ ಬಂದಿತ್ತು. ಒಲೆ ಮುಂದೆ, ಕೊಟ್ಟಿಗೆಯಲ್ಲಿ, ಕೆರೆ ಏರಿಯ ಮೇಲೆ ಎಲ್ಲಿ ಬಿಟ್ಟರೂ ನನ್ನ ಮಾತು ನಿಲ್ಲುತ್ತಿರಲಿಲ್ಲ. ಅತ್ತೆಯವರು ‘ಇವಳ ಬಾಯಿಗೊಂದು ಚಿಲಕ ಹಾಕಿಸಬೇಕು’ ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು.

ಆ ಮನೆಯಲ್ಲಿ ಹೆಂಗಸರು ಉಣ್ಣೆ ನೂಲಬೇಕು, ಗಂಡಸರು ಕಂಬಳಿ ನೇಯಬೇಕು. ಕರಾವಳಿಯ ಮೀನುಗಾರರಿಗೆ ಮಳೆಗಾಲಕ್ಕೆ ಕಂಬಳಿ ಇಲ್ಲದೆ ಆಗುತ್ತಿರಲಿಲ್ಲ. ಹೋಳಿ ಹುಣ್ಣಿಮೆ ಕಳೆಯುತ್ತಲೂ ಮನೆಯ ಗಂಡಸೊಬ್ಬ ಕಂಬಳಿಯ ಹೊರೆ ಹೊತ್ತು ಘಟ್ಟ ಇಳಿದು, ಮೀನುಗಾರರ ಕೇರಿ ಕೇರಿ ತಿರುಗಿ ಮಾರಿ, ಮಳೆ ಹಿಡಿಯುವ ಮೊದಲು ವಾಪಸಾಗುವುದು ಪದ್ಧತಿ. ನಮ್ಮ ಮನೆಯಿಂದ ಹೋಗುತ್ತಿದ್ದವರು ನನ್ನ ಗಂಡನ ಅಣ್ಣ ಮಾಳಪ್ಪ. ಬಾವನವರ ಹೆಸರನ್ನೂ ನಾವು ಹಿಡಿಯಬಾರದು. ಆದರೆ ಈ ಹೆಸರು ನನಗೆ ಅಭ್ಯಾಸವಾಗಿ ಹೋಗಿದೆ, ಬರೆಯುವಾಗ ಕೈ ತಡೆಯುವುದಿಲ್ಲ.

ಬಾವನವರಿಗೆ ನೇಯುವ ಕೈ ಇತ್ತೇ ಹೊರತು ಮಾರುವ ಬಾಯಿ ಇರಲಿಲ್ಲವಂತೆ. ಒಂದು ವರ್ಷ ಅರ್ಧ ಹೊರೆ ಹಾಗೆಯೇ ನೆನೆಸಿಕೊಂಡು ಮನೆಗೆ ತಂದರು. ಮಾರನೆಯ ವರ್ಷ ಹೊರಟು ನಿಂತಾಗ ಮಾವನವರು ಜಗುಲಿಯಲ್ಲಿ ನಾಲ್ಕು ಜನ ಕೂತಿರುವಾಗಲೇ, ‘ಈ ಸಲ ಮಾರದೆ ಬಂದ್ರೆ ನಿನ್ನ ಮುಖ ತೋರಿಸಬ್ಯಾಡ’ ಎಂದರು. ಮಾವನವರ ಬಾಯಿ ಅಂಥದ್ದೇ. ಕುರಿಗೆ, ನಾಯಿಗೆ, ಮಕ್ಕಳಿಗೆ ದಿನಾ ಅಷ್ಟು ಬೈದರೇ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿತ್ತು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಬಾವನವರು ಹೊರೆ ಎತ್ತಿಕೊಂಡು ಹೋದರು. ಮಳೆ ಬಂತು, ಅವರು ಬರಲಿಲ್ಲ. ಇನ್ನೊಂದು ಮಳೆಗಾಲವೂ ಹೋಯಿತು. ಮಾವನವರು ಶರಾವತಿ ದಾಟುವ ಹೊಳೆಬಾಗಿಲವರೆಗೆ ಹೋಗಿ ವಿಚಾರಿಸಿ ಬಂದರು, ಸಂತೆಗೆ ಬಂದವರನ್ನೆಲ್ಲ ಕೇಳಿದರು, ಕೊನೆಗೆ ಒಂದು ದಿನ ‘ಇನ್ನು ಅವನ ಹೆಸರು ಈ ಮನ್ಯಾಗೆ ಎತ್ತಬ್ಯಾಡ್ರಿ, ನಾನೂ ಎತ್ತಲ್ಲ’ ಎಂದು ಮೈಲಾರಲಿಂಗನ ಮೇಲೆ ಆಣೆ ಇಟ್ಟುಬಿಟ್ಟರು. ಸಿಟ್ಟಿಗೆ ಇಟ್ಟ ಆಣೆಯಲ್ಲ ಅದು. ಅವರಿಗೆ ಆ ಹೆಸರು ಬಾಯಿಗೆ ಬಂದರೆ ಊಟ ಇಳಿಯುತ್ತಿರಲಿಲ್ಲ.

ನಾನು ಆ ಮನೆ ಸೇರಿದ್ದು ಇದೆಲ್ಲ ಆದ ಮೇಲೆ. ಹಾಗಾಗಿ ಬಾವನವರನ್ನು ನಾನು ನೋಡಿಯೇ ಇರಲಿಲ್ಲ. ನೋಡಿದ್ದು ಅವರ ಹೆಂಡತಿಯನ್ನು, ಕೆಂಚಮ್ಮನನ್ನು. ನನಗೆ ವಾರಗಿತ್ತಿ, ನಾನು ಕರೆಯುತ್ತಿದ್ದುದು ಅಕ್ಕ ಎಂದು. ಮಕ್ಕಳಿರಲಿಲ್ಲ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ಎಡಗೈಯಲ್ಲಿ ನೂಲುತ್ತಿದ್ದಳು. ಅತ್ತೆ ಎಷ್ಟು ಬೈದರೂ ಬಲಗೈಗೆ ಕದಿರು ಹೋಗಲಿಲ್ಲವಂತೆ. ಗಂಡನ ಹೆಸರಿನ ವಿಷಯದಲ್ಲಿ ಅವಳಷ್ಟು ಕಟ್ಟುನಿಟ್ಟಿನವಳನ್ನು ನಾನು ಕಂಡಿಲ್ಲ. ಹೆಸರು ಬಿಡಿ, ಅದರ ನೆರಳು ಬಿದ್ದ ಮಾತನ್ನೂ ಆಡುತ್ತಿರಲಿಲ್ಲ. ‘ಮಾಳಿಗೆ’ ಎನ್ನುವುದಿಲ್ಲ. ಮಾಳಿಗೆ ಮೇಲೆ ಹುರುಳಿ ಒಣಗಿದ್ದರೆ ‘ಮ್ಯಾಲೆ ಹಾಕಿದೀನಿ, ತಗೊಂಬಾ’ ಎನ್ನುವಳು. ಊರ ಗೌಡರ ಮಾಳಿಗೆ ಮನೆ ಅವಳ ಪಾಲಿಗೆ ‘ಗೌಡ್ರ ದೊಡ್ಡಮನೆ’. ನಾನು ತುಂಟತನಕ್ಕೆ ಹತ್ತು ಸಲ ‘ಯಾವ ಮ್ಯಾಲೆ ಅಕ್ಕ?’ ಎಂದು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಎಲ್ಲಿದ್ದಾರೋ ಗೊತ್ತಿಲ್ಲದ ಗಂಡನ ಆಯುಸ್ಸನ್ನು ಅವಳು ಇಲ್ಲಿ ಕೂತು ಕಾಯುತ್ತಿದ್ದಳು.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತ ಹಿರಿಯರಿಗೆಲ್ಲ ಎಡೆ ಇಡುತ್ತಾರೆ. ಆ ವರ್ಷ ಎಲೆ ಹಾಕುವಾಗ ದಾಯಾದಿಯೊಬ್ಬರು, ‘ಮಾಳಪ್ಪಗೆ ಎಡೆ ಇಡ್ತೀರೋ ಇಲ್ಲೋ?’ ಎಂದು ಕೇಳಿಬಿಟ್ಟರು. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದರು. ಅನ್ನ ಆರಿತು, ಎಲೆಯ ಮುಂದೆ ಯಾರೂ ಕೂರಲಿಲ್ಲ. ಸಂಜೆ ದೈವದವರು, ಅಂದರೆ ನಮ್ಮ ಕುಲದ ಹಿರಿಯರು, ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಸೇರಿದರು.

‘ದೀಪಾವಳಿ ಒಳಗೆ ಒಂದು ಸುದ್ದಿ ತರ್ರಿ,’ ಎಂದರು ಹಿರಿಯರು. ‘ಇಲ್ಲಾಂದ್ರೆ ಸತ್ತಾನೆ ಅಂತ ಕರ್ಮ ಮಾಡಿ ಮುಗಿಸ್ರಿ. ಆ ಹೆಣ್ಮಗಳಿಗೂ ಒಂದು ದಾರಿ ಆಗ್ಲಿ. ವಯಸ್ಸೈತಿ, ಉಡಿಕೆ ಮಾಡಿ ಕೊಡಬೋದು. ತೊಗರ್ಸಿ ಕಡೆಯವರೊಬ್ರು ಕೇಳ್ಯಾರೆ.’

ಉಡಿಕೆ ಎಂದರೆ ಗಂಡ ಸತ್ತವಳಿಗೋ ಗಂಡನಿಂದ ಬಿಡುಗಡೆಯಾದವಳಿಗೋ ಮಾಡುವ ಎರಡನೆಯ ಮದುವೆ. ತೊಗರ್ಸಿ ಕಡೆಯವರು ಹೆಂಡತಿ ಸತ್ತ ಮನುಷ್ಯ, ಒಳ್ಳೆಯವರು ಎಂದೇ ಹೆಸರು. ಆದರೆ ಅದಕ್ಕೆ ಮೊದಲು ಬಳೆ ಒಡೆಯಬೇಕು, ಕುಂಕುಮ ಅಳಿಸಬೇಕು. ಬಾಗಿಲ ಹಿಂದೆ ನಿಂತಿದ್ದ ಅಕ್ಕ ಒಳಗಿನಿಂದಲೇ ಹೇಳಿದಳು: ‘ಕಣ್ಣಿಲೆ ನೋಡದೆ ನಾನು ಬಳಿ ಒಡಿಸಿಕೊಳ್ಳಲ್ಲ. ನಾನೇ ಹೋಗಿ ಹುಡುಕಿ ಬರ್ತೀನಿ.’ ಹೆಂಗಸು ಕಟ್ಟೆಗೆ ಕೇಳುವಂತೆ ಮಾತಾಡಿದ್ದು ಅದೇ ಮೊದಲು.

ಹೋಗುವುದೇನೋ ಸರಿ, ಹೋಗಿ ಕೇಳುವವರು ಯಾರು? ಮಾವನವರಿಗೆ ಆಣೆ ಅಡ್ಡ. ಅಕ್ಕನಂತೂ ಹೇಳುವವಳಲ್ಲ. ನನ್ನ ಗಂಡ ಉಡುತಡಿಯ ಗದ್ದೆ ಬಯಲಿನಲ್ಲಿ ಕುರಿಮಂದೆ ನಿಲ್ಲಿಸಿಕೊಂಡಿದ್ದರು. ಗೊಬ್ಬರಕ್ಕೆಂದು ರೈತರು ಕರೆಸಿಕೊಂಡ ಮಂದೆಯನ್ನು ಬಿಟ್ಟು ಬರುವಂತಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆ ನೋಡಿದರು. ‘ಇವಳನ್ನ ಕರಕೊಂಡು ಹೋಗ್ರಿ. ಬಾವನ ಹೆಸರು ಹಿಡಿದ್ರೆ ಆ ಪಾಪ ನನಗಿರ್ಲಿ. ಇವಳ ಬಾಯಿ ಒಂದು ದಿನನಾದ್ರೂ ಕೆಲಸಕ್ಕೆ ಬರ್ಲಿ.’ ಹೀಗೆ ನನ್ನ ದೊಡ್ಡ ಬಾಯಿಗೆ ಮನೆತನದ ಮರ್ಯಾದೆ ಸಿಕ್ಕಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಸಮುದ್ರ ನೋಡಬಹುದಲ್ಲ.

ಶಿಕಾರಿಪುರದ ಬುಡನ್ ಸಾಬರ ಲಾರಿ ಘಟ್ಟದ ಕೆಳಗೆ ಅಕ್ಕಿ ಬೆಲ್ಲ ಇಳಿಸಿ, ಒಣಮೀನು ತುಂಬಿಕೊಂಡು ಬರುತ್ತಿತ್ತು. ಸಾಬರು ಮಾವನವರಿಗೆ ಬಹಳ ವರ್ಷದ ಪರಿಚಯ. ಲಾರಿ ಓಡಿಸುವ ಸಾಬರ ಪಕ್ಕಕ್ಕೆ ಮಾವನವರು, ನಡುವೆ ಅಕ್ಕ, ಬಾಗಿಲ ಬದಿಗೆ ನಾನು. ಕೂಗುವವಳಿಗೆ ಕಿಟಕಿ ಬೇಕಲ್ಲ. ಲಾರಿ ಸೊರಬ ದಾಟುವಾಗ ನನ್ನ ತವರಿನ ದಾರಿ ಕಂಡಿತು. ‘ಒಂದು ಗಳಿಗೆ ನಿಲ್ಲಿಸಿ’ ಎನ್ನಬೇಕೆಂದಿದ್ದೆ, ಅಕ್ಕನ ಮುಖ ನೋಡಿ ಸುಮ್ಮನಾದೆ. ಅವಳು ಎರಡೂ ಕೈಯ ಬಳೆಗಳನ್ನು ಸದ್ದಾಗದಂತೆ ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಳು.

ಸಿದ್ದಾಪುರದ ಕಡೆಗೆ ಹೊರಳಿದ ಮೇಲೆ ಮಾವನವರು ಕತ್ತು ಚಾಚಿ ಚಾಚಿ ನೋಡತೊಡಗಿದರು. ಮೊದಲು ಅದು ಮುಂಬೈ ಸರಕಾರದ ಸೀಮೆ. ರಾಜ್ಯ ಒಂದಾಗಿ ಹೆಚ್ಚು ಕಾಲವಾಗಿರಲಿಲ್ಲ.

‘ನಾಕಾ ಎಲ್ಲಿ ಸಾಬ್ರೆ?’

‘ತೆಗೆದುಬಿಟ್ರು ಯಜಮಾನ್ರೆ. ಈಗ ಎಲ್ಲ ಒಂದೇ.’

‘ಯಾರನ್ನ ಕೇಳಿ ಒಂದು ಮಾಡಿದ್ರು?’

‘ನನ್ನನ್ನಂತೂ ಕೇಳಲಿಲ್ಲ,’ ಎಂದರು ಸಾಬರು. ಮಾವನವರಿಗೆ ಸಮಾಧಾನವಾಗಲಿಲ್ಲ. ತಡೆಗಟ್ಟು ಇಲ್ಲದ ದಾರಿಯಲ್ಲಿ ಮನುಷ್ಯ ಎಷ್ಟು ದೂರ ಬೇಕಾದರೂ ಹೋಗಿಬಿಡಬಹುದಲ್ಲ ಎಂದು ತಮ್ಮಷ್ಟಕ್ಕೆ ಗೊಣಗಿದರು.

ಜೋಗ ದಾಟಿ ಘಟ್ಟ ಇಳಿಯುವಾಗ ನನ್ನ ಪ್ರತಾಪವನ್ನು ಹೆಚ್ಚು ವರ್ಣಿಸುವುದಿಲ್ಲ. ತಿರುವಿಗೊಂದು ಸಲ ವಾಂತಿ. ಹಣೆ ಹಿಡಿದುಕೊಂಡವಳು ಅಕ್ಕ. ಕೂಗಲು ಬಂದವಳ ಗಂಟಲು ಹೊನ್ನಾವರ ತಲುಪುವುದರೊಳಗೆ ಒಡೆದ ಮಡಕೆಯಂತಾಗಿತ್ತು. ‘ಇಂಥೋಳನ್ನ ಕಟ್ಟಿಕೊಂಡು ಬಂದೀವಿ ನೋಡ್ರಿ’ ಎಂದು ಮಾವನವರು ಸಾಬರಿಗೆ ಹೇಳಿದರು. ಸಾಬರು ಎಲ್ಲಿಂದಲೋ ನಿಂಬೆಹಣ್ಣು ತಂದುಕೊಟ್ಟರು.

ಶರಾವತಿಗೆ ಆಗ ಅಲ್ಲಿ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ, ಅದರ ಮೇಲೆ ಲಾರಿ ಹತ್ತಿಸಿ ದಾಟಿಸುತ್ತಿದ್ದರು. ಮಾವನವರು ಕಣ್ಣು ಮುಚ್ಚಿಕೊಂಡು ಮೈಲಾರಲಿಂಗನನ್ನು ನೆನೆಯುತ್ತಿದ್ದರು. ನಡುನೀರಿನಲ್ಲಿ ಅಕ್ಕ ಮೊದಲ ಸಲ ಪಡುವಣ ಕಡೆ ತಿರುಗಿ ಸಮುದ್ರ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, ‘ಇಷ್ಟೊಂದು ನೀರೈತಿ, ಒಂದು ಕುರಿಗೂ ಕುಡಿಸಂಗಿಲ್ವಂತೆ’ ಎಂದಳು. ಸಮುದ್ರದ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದ್ದೇನೆ, ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ.

ಆಚೆ ದಡ ಕಾಸರಕೋಡು. ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಮಾವನವರು ಕುರಿ ತಿನ್ನುವವರೇ ಆದರೂ ನೀರಿನೊಳಗಿನದು ಮುಟ್ಟುವವರಲ್ಲ. ಪಂಚೆಯ ಚುಂಗಿನಿಂದ ಮೂಗು ಮುಚ್ಚಿ ದೂರ ನಿಂತರು. ನಾನು ಮುಂದೆ ಹೋದೆ. ಹೆಸರು ಬಾಯಿಗೆ ಬರಲೊಲ್ಲದು. ಎಷ್ಟಾದರೂ ಬಾವನ ಹೆಸರು. ಕಣ್ಣು ಮುಚ್ಚಿ, ಉಗುಳು ನುಂಗಿ, ‘ಮಾಳಪ್ಪಾ’ ಎಂದು ಕೂಗಿದೆ. ಸಂತೆಗೆ ಸಂತೆಯೇ ತಿರುಗಿ ನೋಡಿತು. ಒಬ್ಬ ಮುದುಕಿ, ‘ಎಂತ ಮಾರೂಕೆ ಬಂದಿದ್ಯೆ ತಂಗಿ?’ ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಹಿಂದಿರುಗಿ ನೋಡಿದರೆ ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಅದು ಅವಮಾನಕ್ಕಲ್ಲ, ಅಷ್ಟು ಕಾಲದ ಮೇಲೆ ಆ ಹೆಸರು ಕಿವಿಗೆ ಬಿದ್ದದ್ದಕ್ಕೆ ಎಂದು ಆಮೇಲೆ ಗೊತ್ತಾಯಿತು.

ನಾವು ಮಾಡಿದ ದಡ್ಡತನ ಎಂಥದು ನೋಡಿ. ನಮ್ಮ ಹಳ್ಳಿಯಲ್ಲಿ ಹೆಸರು ಹೇಳಿದರೆ ಮುಗಿಯಿತು, ಮನುಷ್ಯ ಯಾರೆಂದು ಎಲ್ಲರಿಗೂ ಗೊತ್ತು. ಹೆಸರೊಂದು ಸಿಕ್ಕರೆ ಸಾಕು ಎಂದುಕೊಂಡು ಹೆಸರು ಹೇಳುವವಳನ್ನು ಹೊರಡಿಸಿಕೊಂಡು ಬಂದಿದ್ದೆವು. ಆ ಮುದುಕಿ, ‘ಹೆಸರು ತಗೊಂಡು ಎಂತ ಮಾಡೂದು? ಅಂವ ನೋಡೂಕೆ ಹೇಂಗಿದ್ದ?’ ಎಂದಾಗ ನಾನು ತಬ್ಬಿಬ್ಬಾದೆ. ನಾನು ನೋಡಿದ್ದರೆ ತಾನೆ. ಅಕ್ಕನ ಕಡೆ ತಿರುಗಿದೆ. ಮೀನಿನ ಸಂತೆಯ ನಡುವೆ ನಿಂತು ಗಂಡನ ರೂಪ ಹೇಳಬೇಕಾಗಿ ಬಂದ ಅಕ್ಕ ಹೊಸ ಮದುವಣಗಿತ್ತಿಯಂತೆ ತಲೆ ತಗ್ಗಿಸಿದಳು. ಕೊನೆಗೆ ನನ್ನ ಕಿವಿಯಲ್ಲಿ, ‘ಎತ್ತರ ಅದಾರೆ’ ಎಂದಳು. ‘ಎತ್ತರ ಇದ್ದಾರಂತೆ’ ಎಂದು ನಾನು ಕೂಗಿದೆ. ಎತ್ತರದವರು ಅಲ್ಲಿ ಬೇಕಾದಷ್ಟು ಜನರಿದ್ದರು.

ಹೀಗೆ ಶುರುವಾಯಿತು. ದಾರಿಯಲ್ಲಿ ಸಿಕ್ಕ ಕೇರಿಗಳಲ್ಲೆಲ್ಲ ಸಾಬರು ಲಾರಿ ನಿಲ್ಲಿಸುವರು, ನಾನು ಕೂಗುವೆ, ಅಕ್ಕ ಕಿವಿಯಲ್ಲಿ ಒಂದೊಂದೇ ಹೇಳುವಳು. ನಡೆಯುವಾಗ ಎಡಭುಜ ತುಸು ಕೆಳಗೆ, ಹೊರೆ ಹೊತ್ತು ಹೊತ್ತು ಹಾಗಾದದ್ದು. ಹುಬ್ಬು ಕೂಡಿವೆ. ಜೋರಾಗಿ ನಗುವುದಿಲ್ಲ. ಮುದ್ದೆ ಮುರಿಯುವಾಗ ಮೊದಲ ತುತ್ತು ಪಕ್ಕಕ್ಕಿಟ್ಟು ಕೊನೆಗೆ ನಾಯಿಗೆ ಹಾಕುತ್ತಾರೆ. ಈ ಕೊನೆಯ ಗುರುತು ಹಿಡಿದು ಯಾರನ್ನು ಹುಡುಕುವುದು? ಆದರೂ ನಾನು ಕೂಗಿದೆ. ಕಾಣದ ಬಾವ ಊರಿಂದ ಊರಿಗೆ ನನ್ನ ಕಣ್ಣ ಮುಂದೆ ತುಂಬಿಕೊಳ್ಳುತ್ತ ಬಂದರು. ಅಕ್ಕ ಅವರನ್ನು ಎಷ್ಟು ಪ್ರೀತಿಸಿದ್ದಳೆಂದು ನನಗೆ ತಿಳಿದದ್ದು ಆ ಲಾರಿಯಲ್ಲಿ. ಮನೆಯಲ್ಲಿ ಒಂದೇ ಒಲೆಯ ಮುಂದೆ ಕೂತು ಬೇಯಿಸಿದರೂ ತಿಳಿದಿರಲಿಲ್ಲ.

ಮಂಕಿಯಲ್ಲಿ ದೋಣಿಗೆ ಎಣ್ಣೆ ಸವರುತ್ತಿದ್ದ ಒಬ್ಬನ ಹೆಗಲ ಮೇಲೆ ಕಂಬಳಿ ಇತ್ತು. ಅಕ್ಕ ನನ್ನನ್ನು ಬಿಟ್ಟು ನೇರ ಅವನ ಬಳಿ ಹೋಗಿ, ಕೇಳದೆ ಮಾಡದೆ ಕಂಬಳಿಯ ಅಂಚು ಹಿಡಿದು ಒಂದು ಎಳೆ ಎಳೆದು ಬಿಚ್ಚಿ ನೋಡಿದಳು. ಅವನು ಬೆರಗಾಗಿ ನಿಂತ.

‘ನನ್ನ ನೂಲು,’ ಎಂದಳು ಅಕ್ಕ. ಎಡಗೈಯವಳು ನೂತ ಎಳೆಯ ಹುರಿ ಎಲ್ಲರ ಹುರಿಯ ಹಾಗಿರುವುದಿಲ್ಲ, ತಿರುವುಮುರುವಾಗಿರುತ್ತದೆ. ‘ಇದನ್ನ ಮಾರಿದೋರು ಎಲ್ಲಿ ಹೋದ್ರು?’

ಅವನು ನೆನಪು ಮಾಡಿಕೊಂಡು ಹೇಳಿದ: ‘ಅಂವನಾ? ಕಂಬಳಿ ತಕಂಡು ಕಾಲ ಆಯ್ತಲೆ. ಶಿರಾಲಿ ಬದಿಗೆ ಹೋದ. ಜ್ವರ ಇತ್ತು ಅಂವಂಗೆ, ನಡೂಕೂ ಆಗೂದಿಲ್ಲಾಗಿತ್ತು. ಇಲ್ಲೇ ಉಳ್ಕ ಅಂದ್ರೂ ಕೇಳ್ಲಿಲ್ಲ, ಪೂರಾ ಮಾರೇ ಹೋಗ್ಬೇಕು ಅಂದ.’

ಲಾರಿಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಆಡಲಿಲ್ಲ ಎಂದರೆ ನೀವೇ ತಿಳಿದುಕೊಳ್ಳಿ. ಸ್ವಲ್ಪ ದೂರ ಹೋದ ಮೇಲೆ ಮಾವನವರು ಗಾಜಿನ ಕಡೆ ನೋಡುತ್ತ, ‘ನಾನು ಸುಮ್ನೆ ಅಂದಿದ್ದೆ’ ಎಂದರು. ‘ಅಷ್ಟೂ ಮಾರ್ಲಿ ಅಂತ ನಾನೇನು ಹೇಳಿದ್ದಲ್ಲ’ ಎಂದು ಇನ್ನೊಮ್ಮೆ ಹೇಳಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಅಕ್ಕ ಅಷ್ಟರಲ್ಲೇ ವಿಧವೆಯಾದವಳ ಹಾಗೆ ಕೂತಿದ್ದಳು.

ಶಿರಾಲಿ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಮೀನುಗಾರರ ಕೇರಿ ರಸ್ತೆಯಿಂದ ಒಳಗೆ, ಲಾರಿ ಹೋಗುವ ಹಾಗಿರಲಿಲ್ಲ. ಮಾವನವರು ಇಳಿಯಲಿಲ್ಲ. ‘ನೀವು ಹೋಗಿ ಬರ್ರಿ’ ಎಂದಷ್ಟೇ ಹೇಳಿ ಮುಖ ತಿರುಗಿಸಿದರು. ಅವರಿಗೆ ಕೇಳಲು ಧೈರ್ಯವಿರಲಿಲ್ಲ. ಮರಳಿನಲ್ಲಿ ಕಾಲು ಹೂಳುತ್ತ ನಾವಿಬ್ಬರೇ ಹೋದೆವು. ಮೊದಲ ಮನೆಯ ಮುಂದೆ ಮೀನು ಹರವುತ್ತಿದ್ದ ಅಜ್ಜನನ್ನು ಕೇಳಿದೆ. ಘಟ್ಟದ ಮೇಲಿನವರು, ಕಂಬಳಿಯವರು, ಎಡಭುಜ ಕೆಳಗೆ, ಕೂಡಿದ ಹುಬ್ಬು. ಎಲ್ಲವೂ ನನಗೆ ಈಗ ಬಾಯಿಪಾಠ.

‘ಘಟ್ಟದಣ್ಣ ಅಲ್ದಾ?’ ಎಂದ ಅಜ್ಜ. ‘ಅಲ್ಲೇ ಕೂತಿದ್ದ ನೋಡು, ಬಲೆ ಹೊಲೀತಾ. ಹುರಿ ಕೆಲ್ಸ ಅಂವಂಗೆ ಬಂದ ಹಾಂಗೆ ನಮ್ಮೋರಿಗೇ ಬರೂದಿಲ್ಲ.’

ತೆಂಗಿನ ಮರದ ಬುಡದಲ್ಲಿ ಬೆನ್ನು ಮಾಡಿ ಒಬ್ಬರು ಕೂತಿದ್ದರು. ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದಲ್ಲಿ ಗಂಟು ಹಾಕುತ್ತಿದ್ದರು. ಮಗ್ಗದ ಮುಂದೆ ನಮ್ಮವರು ಕೂರುವ ಭಂಗಿಯೇ ಅದು. ನಾನು ಅಕ್ಕನ ಕೈ ಹಿಡಿದುಕೊಂಡೆ. ಬದುಕಿದ್ದಾರೆ, ಇನ್ನು ಬಳೆ ಒಡೆಯಬೇಕಾಗಿಲ್ಲ ಎಂದು ನನಗೆ ಕುಣಿಯುವಂತಾಯಿತು. ಅಷ್ಟರಲ್ಲಿ ಗುಡಿಸಲಿನಿಂದ ಒಬ್ಬ ಹೆಂಗಸು ಕಂಕುಳಲ್ಲಿ ಮಗು ಎತ್ತಿಕೊಂಡು ಬಂದು, ಅದನ್ನು ಅವರ ತೊಡೆಯ ಮೇಲೆ ಕೂರಿಸಿ ಒಳಗೆ ಹೋದಳು. ಅವರು ಬಲೆ ಬಿಡದೆ, ಒಂದು ಮೊಣಕಾಲನ್ನು ಅಡ್ಡ ಕೊಟ್ಟು ಮಗು ಬೀಳದಂತೆ ಮಾಡಿಕೊಂಡರು. ಮಗುವಿನ ಹುಬ್ಬುಗಳು ಕೂಡಿದ್ದವು.

ಕೂಗಬೇಕೇ ಬೇಡವೇ ಎಂದು ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಆಮೇಲೆ ತಾನೇ ಕರೆದಳು.

‘ಮಾಳಪ್ಪ.’

ಜೋರಾಗಿ ಕರೆಯಲಿಲ್ಲ. ಪಕ್ಕದ ಮನೆಯವನನ್ನೋ, ದಾರಿಯಲ್ಲಿ ಹೋಗುವ ಯಾರನ್ನೋ ಕರೆಯುವ ಹಾಗೆ ಕರೆದಳು. ಬಾವನವರು ತಿರುಗಿದರು. ಅವಳನ್ನು ಕಂಡದ್ದಕ್ಕಿಂತ ಹೆಚ್ಚಾಗಿ, ಅವಳ ಬಾಯಿಂದ ತಮ್ಮ ಹೆಸರು ಕೇಳಿ ಅವರ ಮುಖದ ರಕ್ತ ಇಳಿಯಿತು. ಮಗುವನ್ನು ಎತ್ತಿಕೊಳ್ಳುವುದೋ ಇಳಿಸುವುದೋ ತಿಳಿಯದೆ ಅರ್ಧ ಎದ್ದು ನಿಂತರು.

‘ಜ್ವರ ಬಂದು ಬಿದ್ದಿದ್ದೆ ಕೆಂಚಿ,’ ಎಂದರು. ‘ಇವರ ಮನೆಯೋರು ನೋಡಿಕೊಂಡ್ರು. ಉಳಿದ ಹೊರೆ ಪೂರಾ ನೆಂದು ಹೋಗಿತ್ತು. ಹೆಂಗ್ ಬರ್ಲಿ? ಮುಖ ತೋರಿಸಬ್ಯಾಡ ಅಂತ ಅಪ್ಪ ಅಂದಿದ್ದ.’

‘ಅಪ್ಪ ಅಂದಿದ್ದ,’ ಎಂದಳು ಅಕ್ಕ. ‘ನಾನು ಏನಂದಿದ್ದೆ?’

ಆವರೆಗೆ ನಾನು ಮನಸ್ಸಿನಲ್ಲೇ ಮಾವನವರನ್ನು ಬೈಯುತ್ತಿದ್ದೆ. ಅಲ್ಲಿ ನಿಂತಾಗ ತಿಳಿಯಿತು, ಜಗಳ ಅಪ್ಪ ಮಗನದು, ಕಾದು ಕಾದು ಸವೆದವಳು ಇವಳು. ಒಂದು ಮಾತು ಹೇಳಿ ಕಳಿಸಿದ್ದರೆ ಸಾಕಿತ್ತು. ಘಟ್ಟ ಹತ್ತುವ ಒಣಮೀನಿನ ಲಾರಿಗಳಿಗೇನು ಬರವಿತ್ತೆ?

ಒಳಗಿಂದ ಆ ಹೆಂಗಸು ಬಂದಳು. ವಿಷಯ ತಿಳಿದು ಹಣೆ ಹಣೆ ಬಡಿದುಕೊಂಡಳು. ‘ನಂಗೆ ಯಾರೂ ಇಲ್ಲ ಅಂದಿದ್ದ ತಂಗಿ, ದೇವ್ರಾಣೆಗೂ ಅಷ್ಟೇ ಅಂದಿದ್ದ’ ಎಂದು ಅಳತೊಡಗಿದಳು. ಅವಳೂ ಗಂಡ ಸಮುದ್ರದ ಪಾಲಾದವಳಂತೆ. ಅಕ್ಕ ಅವಳ ಕಡೆ ನೋಡಿ, ‘ನಿನ್ನ ತಪ್ಪೇನಿಲ್ಲವ್ವ, ಸಾಯೋನನ್ನ ಉಳಿಸೀದಿ’ ಎಂದಳು. ನಂತರ ಬಾವನವರಿಗೆ, ‘ನಿಮ್ಮಪ್ಪ ಲಾರೀಲಿ ಕುಂತಾರೆ. ನಿನ್ನ ಹೆಸರು ಹೇಳದೆ ಒಳಗೇ ಬೇಯ್ತಾರೆ. ಕಳಿಸ್ತೀನಿ’ ಎಂದು ಹೇಳಿ ತಿರುಗಿದಳು. ಅವಳು ಅವರನ್ನು ‘ನೀನು’ ಎಂದದ್ದನ್ನು ನಾನು ಗಮನಿಸಿದೆ, ಬಾವನವರೂ ಗಮನಿಸಿದರು.

ಮಾವನವರಿಗೆ ಎಲ್ಲವನ್ನೂ ಹೇಳಿದವಳು ಅಕ್ಕನೇ. ಮುಚ್ಚಿಡಲಿಲ್ಲ. ಅವರು ಓಡಿಯೇ ಹೋದರು. ಸಾಬರು ಹಿಂದೆ ಹೋಗಿ ಕೈ ಹಿಡಿದುಕೊಳ್ಳಬೇಕಾಯಿತು. ಅಪ್ಪ ಮಗ ಏನು ಮಾತಾಡಿದರೋ ನಾನು ಕೇಳಲಿಲ್ಲ. ಕರೆಯಲು ಹೋದಾಗ ನೋಡಿದೆ, ಗುಡಿಸಲಿನ ಜಗುಲಿಯಲ್ಲಿ ಮಾವನವರ ಮುಂದೆ ಅನ್ನ ಮತ್ತು ಬಂಗಡೆ ಸಾರು ಬಡಿಸಿತ್ತು. ಅವರು ಮೂಗು ಮುಚ್ಚಿಕೊಳ್ಳದೆ, ತಲೆ ಎತ್ತದೆ, ಕಣ್ಣೀರು ಸುರಿಸಿಕೊಂಡು ಉಣ್ಣುತ್ತಿದ್ದರು. ‘ಬಾ’ ಎಂದು ಮಗನನ್ನು ಕರೆದರಂತೆ. ಮಗ ಆ ಮಗುವಿನ ಕಡೆ ನೋಡಿದರಂತೆ. ಎರಡನೆಯ ಸಲ ಅವರು ಕರೆಯಲಿಲ್ಲ.

ಒಣಮೀನಿನ ಮೂಟೆಗಳ ಜೊತೆ ಘಟ್ಟ ಹತ್ತಿ ಬಂದೆವು. ಈ ಸಲ ನನಗೆ ವಾಂತಿಯಾಗಲಿಲ್ಲ. ಮನೆಯ ಅಂಗಳದಲ್ಲಿ ಅತ್ತೆ ನಿಂತಿದ್ದರು. ಮಾವನವರು ಆಣೆ ಮರೆತು, ‘ಮಾಳಪ್ಪ ಆರಾಮ್ ಅದಾನೆ ಕಣೆ’ ಎಂದರು. ಅತ್ತೆ ಅಲ್ಲೇ ಕುಸಿದು ಕೂತು ಅತ್ತರು, ನಕ್ಕರು. ಅಕ್ಕ ಕೈಕಾಲು ತೊಳೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, ‘ಮಾಳಿಗೆ ಮ್ಯಾಲಿನ ಹುರುಳಿ ಇಳಿಸಿಕೊಂಬಾ’ ಎಂದು ನನ್ನನ್ನು ಕೂಗಿದಳು. ನಾನು ಏಣಿ ಹತ್ತಿದವಳು ಮೇಲೆಯೇ ಕೂತು ಹೊಟ್ಟೆತುಂಬ ಅತ್ತು ಇಳಿದೆ.

ದೀಪಾವಳಿಗೆ ದೈವ ಕೂಡಿತು. ಹಿರಿಯರಿಗೆ ಈಗ ಗಂಟು ಇನ್ನೂ ಬಿಗಿಯಾಗಿತ್ತು. ಸತ್ತಿದ್ದರೆ ದಾರಿ ಇತ್ತು. ಗಂಡ ಬದುಕಿದ್ದಾನೆ, ಅಲ್ಲೊಂದು ಸಂಸಾರ ಮಾಡಿಕೊಂಡಿದ್ದಾನೆ, ಬಿಡುಗಡೆ ಕೊಡಲು ಬಾ ಎಂದರೆ ಬರುವುದಿಲ್ಲ. ‘ಮುತ್ತೈದೆ ಆಗಿ ಮನೇಲಿ ಇರ್ಲಿ, ಕೂಳಿಗೇನು ಕಡಿಮೆ’ ಎಂದರು ಒಬ್ಬರು. ಅಕ್ಕ ಈ ಸಲ ಬಾಗಿಲ ಹಿಂದೆ ನಿಲ್ಲಲಿಲ್ಲ, ಕಟ್ಟೆಯ ಮುಂದೆಯೇ ಬಂದಳು.

‘ನಾನು ಅವನನ್ನ ಹೆಸರು ಹಿಡಿದು ಕರದೀನಿ,’ ಎಂದಳು. ‘ನನಗೆ ಗಂಡ ಆಗಿದ್ರೆ ಕರೀತಿದ್ನಾ? ಅಲ್ಲಿಗೆ ಮುಗೀತು. ನೀವೇನು ಬಿಡುಗಡೆ ಕೊಡೋದು ಉಳಿದಿಲ್ಲ.’

ಹಿರಿಯರು ನನ್ನನ್ನು ಕರೆದರು. ‘ಹೌದೇನವ್ವ, ನೀನು ಕೇಳಿದಿಯಾ?’ ಅಷ್ಟು ಊರುಗಳಲ್ಲಿ ಗಂಟಲು ಹರಿದುಕೊಂಡವಳಿಗೆ ಅಲ್ಲಿ ‘ಹೌದು’ ಎನ್ನುವ ಒಂದು ಮಾತು ಹೊರಡಿಸುವುದು ಕಷ್ಟವಾಯಿತು. ನಾನು ‘ಹೌದು’ ಎಂದರೆ ಅಕ್ಕ ಈ ಮನೆ ಬಿಟ್ಟು ಹೋಗುತ್ತಾಳೆ. ಅತ್ತೆ ನನ್ನನ್ನೇ ನೋಡುತ್ತಿದ್ದರು, ಸುಳ್ಳು ಹೇಳಲಿ ಎಂದು ಬೇಡುವ ಹಾಗೆ. ನಾನು ‘ಹೌದು, ಕೇಳಿದೆ’ ಎಂದೆ. ಕಟ್ಟೆಯ ಮೇಲೆ ಬಹಳ ಹೊತ್ತು ಮಾತಾಯಿತು. ಗಂಡ ಬದುಕಿರುವವಳ ಬಳೆ ಒಡೆಯುವಂತಿಲ್ಲ, ಆದರೆ ಹೆಸರು ಹಿಡಿದವಳನ್ನು ಹೆಂಡತಿ ಎನ್ನುವಂತೆಯೂ ಇಲ್ಲ, ಹಾಗಾಗಿ ಉಡಿಕೆಗೆ ಅಡ್ಡಿಯಿಲ್ಲ ಎಂದು ತೀರ್ಮಾನವಾಯಿತು. ಅಕ್ಕ ಒಳಗೆ ಬಂದು ತನ್ನ ಕೈಯಾರೆ ಬಳೆಗಳನ್ನು ಒಂದೊಂದಾಗಿ, ಒಡೆಯದೆ, ಕಳಚಿದಳು.

ಯುಗಾದಿಯಾದ ಮೇಲೆ ತೊಗರ್ಸಿ ಕಡೆಯವರು ಬಂದರು. ಉಡಿಕೆಗೆ ವಾದ್ಯವಿಲ್ಲ, ಚಪ್ಪರವಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನ ಸೇರಿ ಸೀರೆ ಉಡಿಸಿ ಕಳಿಸಿಬಿಡುವುದು. ಉಡಿಕೆಯ ಹೆಣ್ಣಿಗೆ ಮೊದಲ ಮದುವೆಯಲ್ಲಿ ಕೂರಲು ಹಾಸುವ ಕಂಬಳಿಯ ಹಸೆಯೂ ಇಲ್ಲ, ಬರಿ ನೆಲದ ಮೇಲೆ ನಿಲ್ಲಬೇಕು. ನನ್ನಂಥ ಮುತ್ತೈದೆಯರು ನೋಡಬಾರದೆಂದು ಒಳಗೆ ಕಳಿಸಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ.

ಗಂಡಿನ ಕಡೆಯ ಹಿರಿಯರು, ‘ಹೆಣ್ಣು ಕೊಡೋರು ಯಾರ್ರಿ?’ ಎಂದು ಕೇಳಿದರು. ಅಕ್ಕನಿಗೆ ತಾಯಿತಂದೆ ಇರಲಿಲ್ಲ. ಅಣ್ಣನೊಬ್ಬ ನಾಚಿಕೆಗೆ ಬಂದಿರಲಿಲ್ಲ. ಅಕ್ಕ ತಲೆ ತಗ್ಗಿಸಿ ನಿಂತಿದ್ದಳು. ಮೂಲೆಯಲ್ಲಿ ಕೂತಿದ್ದ ಮಾವನವರು ಕಂಬ ಹಿಡಿದು ಎದ್ದರು.

‘ನಾನು ಕೊಡ್ತೀನಿ,’ ಎಂದರು.

‘ಅದೆಂಗೆ ಆಗ್ತೈತ್ರಿ? ನೀವು ಮಾವ,’ ಎಂದರು ಯಾರೋ. ‘ಮಗ ಬೇರೆ ಬದುಕ್ಯಾನೆ.’

‘ಮಗ ಅಲ್ಲಿ ಅದಾನೆ,’ ಎಂದರು ಮಾವನವರು. ‘ಮಗಳು ಇಲ್ಲಿ ಅದಾಳೆ.’

ಹೆಗಲ ಮೇಲಿನ ಕಂಬಳಿ ತೆಗೆದು, ಝಾಡಿಸಿ, ಅಕ್ಕನ ಕಾಲ ಬಳಿ ನೆಲಕ್ಕೆ ಹಾಸಿದರು. ಬಗ್ಗಿ ಸುಕ್ಕು ಸರಿಮಾಡಿದರು.

‘ಕುಂದ್ರವ್ವ,’ ಎಂದರು.

ಅಕ್ಕ ಕುಳಿತಳು.